ಆವಕದ ಫಾರ್ಮು, ಎಂಟರ್ ಕೀ ಮತ್ತು ಕನ್ನಡ ಕೀಬೋರ್ಡು

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಆವಕ ಜೋರಾಗಿರುವ ದಿನಗಳಲ್ಲಿ ಅಡತ್ (ದಲ್ಲಾಳಿ) ಅಂಗಡಿಯ ಆಪರೇಟರ್ ಮೌಸ್ ಮುಟ್ಟುವುದು ಕಡಿಮೆ. ಒಂದು ಕೈಯಲ್ಲಿ ತೂಕದ ಚೀಟಿ, ಇನ್ನೊಂದು ಕೈ ನಂಬರ್ ಪ್ಯಾಡ್ ಮೇಲೆ. ರೈತರ ಹೆಸರು, ಊರು, ಚೀಲ, ತೂಕ, ದರ, ಗಾಡಿ ನಂಬರು ಎಂದು ಬ್ರೌಸರಿನ ಫಾರ್ಮಿನಲ್ಲಿ ಸಾಲಾಗಿ ಹೊಡೆಯುತ್ತ ಹೋಗಬೇಕು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಪಳಗಿದ ಕೈಗೆ ಎಂಟರ್ ಎಂದರೆ ಮುಂದಿನ ಫೀಲ್ಡ್. ಬ್ರೌಸರಿಗೆ ಎಂಟರ್ ಎಂದರೆ ಫಾರ್ಮ್ ಕಳಿಸು. ಇವೆರಡರ ನಡುವೆ ಅರ್ಧ ತುಂಬಿದ ಎಂಟ್ರಿ ಸರ್ವರ್‌ಗೆ ಹೋಗಿ ಕೂರುತ್ತದೆ.

ಇನ್ನೊಂದು ತೊಡಕು ಭಾಷೆಯದು. ನಮ್ಮ ಕಡೆ ಹೆಸರನ್ನು ಕನ್ನಡದಲ್ಲೇ ಬರೆಯುವವರು ಬೇಕಾದಷ್ಟು ಜನ. ಬೀದರ್ ಕಡೆ ಮರಾಠಿ, ಉರ್ದು, ಗುರುಮಠಕಲ್ ಕಡೆ ತೆಲುಗು ಕೂಡ ಬರುತ್ತದೆ. ಕಚೇರಿಯಲ್ಲಿ ನುಡಿ ತಂತ್ರಾಂಶ ಅಥವಾ ಇನ್‌ಸ್ಕ್ರಿಪ್ಟ್ ಲೇಔಟ್ (ಕೀಗಳ ವಿನ್ಯಾಸ), ಮನೆಯಲ್ಲಿ ಫೋನಿನ ಜಿಬೋರ್ಡ್ ಕೀಬೋರ್ಡು. ಇಂಗ್ಲಿಷ್ ಕೀಬೋರ್ಡ್ ಒಂದನ್ನೇ ಮನಸ್ಸಿನಲ್ಲಿಟ್ಟು ಬರೆದ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕೋಡು) ಇಂಥಲ್ಲಿ ಕೈಕೊಡುತ್ತದೆ.

ನಾನು ಹಿಡಿದಿರುವ ನಿಯಮ ಒಂದೇ. ಕೀಬೋರ್ಡ್ ಇವೆಂಟ್‌ಗಳನ್ನು, ಅಂದರೆ ಕೀ ಒತ್ತಿದಾಗ ಬ್ರೌಸರ್ ಕೋಡಿಗೆ ಕೊಡುವ ಸೂಚನೆಗಳನ್ನು, ಆಜ್ಞೆಗೆ ಮಾತ್ರ ಬಳಸಬೇಕು: ಎಂಟರ್, ಎಸ್ಕೇಪ್, ಬಾಣದ ಕೀಗಳು, ಶಾರ್ಟ್‌ಕಟ್. ಫೀಲ್ಡ್‌ನಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾದರೆ ಇನ್‌ಪುಟ್ ಇವೆಂಟ್ ಕೇಳಬೇಕು, ಫೀಲ್ಡ್‌ನ ವ್ಯಾಲ್ಯೂ (ಒಳಗಿರುವ ಬರಹ) ಓದಬೇಕು. ಕೆಳಗಿನ ಬಹುಪಾಲು ತೊಂದರೆಗಳು ಈ ಎರಡು ಕೆಲಸ ಬೆರೆಸಿದ್ದರಿಂದಲೇ ಹುಟ್ಟುತ್ತವೆ. (ಕೋಡಿನ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಎಡಿಟರ್‌ನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇಕು.)

ಒಂದು ಕೀ ಒತ್ತಿದಾಗ ಏನೇನು ನಡೆಯುತ್ತದೆ

ಅಕ್ಷರದ ಕೀ ಒಂದನ್ನು ಒತ್ತಿದರೆ ಇವೆಂಟ್‌ಗಳು ಬರುವ ಕ್ರಮ ಹೀಗೆ: ಮೊದಲು ಕೀಡೌನ್, ಆಮೇಲೆ ಬಿಫೋರ್‌ಇನ್‌ಪುಟ್, ಆಮೇಲೆ ಫೀಲ್ಡ್ ಬದಲಾಗಿ ಇನ್‌ಪುಟ್, ಬೆರಳು ಎತ್ತಿದಾಗ ಕೀಅಪ್. ಕೀಡೌನ್ ನಡೆಯುವ ಹೊತ್ತಿಗೆ ಫೀಲ್ಡ್‌ನಲ್ಲಿ ಇನ್ನೂ ಹಳೆಯ ಬರಹವೇ ಇರುತ್ತದೆ. ಕೀಡೌನ್ ಒಳಗೆ ವ್ಯಾಲ್ಯೂ ಓದಿ ‘ಒಂದು ಅಕ್ಷರ ಹಿಂದೆ ಬಿದ್ದಿದೆ’ ಎಂದು ಸೆಟ್‌ಟೈಮ್‌ಔಟ್ (ಸ್ವಲ್ಪ ತಡೆದು ಓಡಿಸುವ ಆಜ್ಞೆ) ಹಾಕುವವರಿದ್ದಾರೆ. ಕೆಲಸವನ್ನು ಇನ್‌ಪುಟ್‌ಗೆ ಸಾಗಿಸಿದರೆ ಆ ತೇಪೆ ಬೇಕಾಗುವುದಿಲ್ಲ. ಕೀಪ್ರೆಸ್ ಎಂಬುದು ಈಗ ಕೈಬಿಟ್ಟ ಇವೆಂಟ್, ಹೊಸ ಕೋಡಿನಲ್ಲಿ ಬೇಡ. ಚೇಂಜ್ ಬರುವುದು ಫೀಲ್ಡ್ ಬಿಟ್ಟು ಹೊರಗೆ ಹೋದಾಗ. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಆನ್‌ಚೇಂಜ್ ಮಾತ್ರ ಪ್ರತಿ ಅಕ್ಷರಕ್ಕೂ ಓಡುತ್ತದೆ, ಅಂದರೆ ಅದು ಇನ್‌ಪುಟ್‌ನಂತೆ ನಡೆದುಕೊಳ್ಳುತ್ತದೆ.

ಕೀಬೋರ್ಡ್ ಇವೆಂಟ್ ಹೊತ್ತು ತರುವ ಮಾಹಿತಿಯಲ್ಲಿ ಮುಖ್ಯವಾದವು ಎರಡು. ‘ಕೀ’ ಎಂಬುದು ಆ ಒತ್ತುವಿಕೆಯಿಂದ ಬರುವ ಅಕ್ಷರ ಅಥವಾ ಕೀಯ ಹೆಸರು. ‘ಕೋಡ್’ ಎಂಬುದು ಕೀಬೋರ್ಡಿನ ಮೇಲೆ ಆ ಕೀ ಇರುವ ಜಾಗ. ಇಂಗ್ಲಿಷ್ ಕೀಬೋರ್ಡಿನ ‘ಎಸ್’ ಕೀಯನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಿದರೆ ‘ಕೀ’ಯಲ್ಲಿ ಏತ್ವದ ದೀರ್ಘ ಚಿಹ್ನೆ ಬರುತ್ತದೆ, ‘ಕೋಡ್’ ಮಾತ್ರ ಕೀಎಸ್ ಎಂದೇ ಇರುತ್ತದೆ. ಆದ್ದರಿಂದ ಕಂಟ್ರೋಲ್ ಜತೆ ಎಸ್ ಒತ್ತಿ ಎಂಟ್ರಿ ಉಳಿಸುವ ಶಾರ್ಟ್‌ಕಟ್ ಕೊಡುವುದಾದರೆ ‘ಕೋಡ್’ ನೋಡಬೇಕು; ಕನ್ನಡ ಲೇಔಟ್ ಆನ್ ಇದ್ದಾಗಲೂ ಅದು ಕೆಲಸ ಮಾಡುತ್ತದೆ. ಎಂಟರ್, ಎಸ್ಕೇಪ್, ಟ್ಯಾಬ್ ಇವಕ್ಕೆ ‘ಕೀ’ ನೋಡಿ. ನಂಬರ್ ಪ್ಯಾಡಿನ ಎಂಟರ್‌ಗೂ ‘ಕೀ’ ಎಂಟರ್ ಎಂದೇ ಬರುತ್ತದೆ, ‘ಕೋಡ್’ ಬೇರೆ: ನಂಪ್ಯಾಡ್‌ಎಂಟರ್. ‘ಕೋಡ್’ ನೋಡಿ ಬರೆದವರ ಫಾರ್ಮಿನಲ್ಲಿ ದೊಡ್ಡ ಎಂಟರ್ ಕೆಲಸ ಮಾಡಿ, ಬಲಗೈ ಕೆಳಗಿನದು ಸತ್ತಂತಿರುವುದು ಇದಕ್ಕೇ.

ಶಾರ್ಟ್‌ಕಟ್ ವಿಷಯದಲ್ಲಿ ಇನ್ನೊಂದು ಮಾತು. ವಿಂಡೋಸ್‌ನ ಇಂಡಿಯಾ ಇಂಗ್ಲಿಷ್ ಲೇಔಟ್‌ನಲ್ಲಿ ಬಲಗಡೆಯ ಆಲ್ಟ್ ಜತೆ 4 ಒತ್ತಿದರೆ ₹ ಬರುತ್ತದೆ, ಕಂಟ್ರೋಲ್ ಮತ್ತು ಆಲ್ಟ್ ಸೇರಿಸಿ ಒತ್ತಿದರೂ ವಿಂಡೋಸ್ ಅದನ್ನೇ ಎಂದು ತಿಳಿಯುತ್ತದೆ. ಹಣದ ಫಾರ್ಮಿನಲ್ಲಿ ಕಂಟ್ರೋಲ್+ಆಲ್ಟ್ ಜೋಡಿಯ ಶಾರ್ಟ್‌ಕಟ್ ಇಡಬೇಡಿ.

ಎಂಟರ್ ಒತ್ತಿದರೆ ಮುಂದಿನ ಫೀಲ್ಡ್

ಬ್ರೌಸರ್ ತಾನೇ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಒಂದು ಸಾಲಿನ ಫೀಲ್ಡ್‌ನಲ್ಲಿ ಎಂಟರ್ ಒತ್ತಿದರೆ ಬ್ರೌಸರ್ ಆ ಫಾರ್ಮಿನ ಮೊದಲ ಸಬ್‌ಮಿಟ್ ಬಟನ್ ಹುಡುಕಿ, ಅದನ್ನು ಕ್ಲಿಕ್ ಮಾಡಿದಂತೆ ನಡೆದುಕೊಳ್ಳುತ್ತದೆ. ‘ಮೊದಲ’ ಎಂದರೆ ಎಚ್‌ಟಿಎಂಎಲ್‌ನಲ್ಲಿ ಮೊದಲು ಬರುವುದು, ತೆರೆಯ ಮೇಲೆ ಮೊದಲು ಕಾಣುವುದಲ್ಲ. ಬಟನ್ ಟ್ಯಾಗ್‌ಗೆ ಟೈಪ್ ಬರೆಯದಿದ್ದರೆ ಅದು ಸಬ್‌ಮಿಟ್ ಆಗಿಬಿಡುತ್ತದೆ. ಮೇಲ್ಗಡೆ ‘ಸಾಲು ಅಳಿಸಿ’ ಎಂಬ ಟೈಪ್ ಇಲ್ಲದ ಬಟನ್ ಇದ್ದರೆ, ದರದ ಫೀಲ್ಡ್‌ನಲ್ಲಿ ಎಂಟರ್ ಒತ್ತಿದ್ದಕ್ಕೆ ಸಾಲು ಅಳಿಯುತ್ತದೆ. ಉಳಿಸುವ ಬಟನ್ ಬಿಟ್ಟು ಉಳಿದ ಪ್ರತಿಯೊಂದಕ್ಕೂ ಟೈಪ್ ಬಟನ್ ಎಂದು ಬರೆಯಿರಿ. ಸಬ್‌ಮಿಟ್ ಬಟನ್ನೇ ಇಲ್ಲದ ಫಾರ್ಮಿನಲ್ಲಿ ಒಂದೇ ಟೆಕ್ಸ್ಟ್ ಫೀಲ್ಡ್ ಇದ್ದರೆ ಎಂಟರ್ ಕಳಿಸುತ್ತದೆ, ಎರಡಾದರೆ ಕಳಿಸುವುದಿಲ್ಲ. ನಿನ್ನೆ ಸರಿ ಇದ್ದ ಫಾರ್ಮು ಒಂದು ಫೀಲ್ಡ್ ಸೇರಿಸಿದ ಕೂಡಲೇ ಸುಮ್ಮನಾಗುವುದರ ಕಾರಣ ಇದು.

ಈಗ ಟ್ಯಾಲಿಯ ರೀತಿ. ಪ್ರತಿ ಫೀಲ್ಡ್‌ಗೆ ಬೇರೆ ಬೇರೆ ಹ್ಯಾಂಡ್ಲರ್ (ಇವೆಂಟ್ ಬಂದಾಗ ಓಡುವ ಫಂಕ್ಷನ್) ಕಟ್ಟುವುದು ಬೇಡ, ಫಾರ್ಮ್ ಮೇಲೆ ಒಂದೇ ಕೀಡೌನ್ ಹ್ಯಾಂಡ್ಲರ್ ಸಾಕು. ಇವೆಂಟ್ ಫೀಲ್ಡ್‌ನಿಂದ ಮೇಲಕ್ಕೆ ಹತ್ತಿ ಬರುತ್ತದೆ. ಅದರೊಳಗೆ ಪರೀಕ್ಷೆಗಳು ಈ ಕ್ರಮದಲ್ಲಿರಲಿ. ‘ಕೀ’ ಎಂಟರ್ ಅಲ್ಲದಿದ್ದರೆ ಹಿಂದಿರುಗಿ. ಈಸ್‌ಕಂಪೋಸಿಂಗ್ ನಿಜವಿದ್ದರೆ, ಅಥವಾ ಕೀಕೋಡ್ 229 ಇದ್ದರೆ ಹಿಂದಿರುಗಿ (ಪದ ಇನ್ನೂ ಕಟ್ಟುತ್ತಿದೆ ಎಂಬ ಗುರುತುಗಳಿವು, ವಿವರ ಮುಂದಿದೆ). ಟಾರ್ಗೆಟ್ (ಇವೆಂಟ್ ಹುಟ್ಟಿದ ಜಾಗ) ಟೆಕ್ಸ್ಟ್‌ಏರಿಯಾ ಅಥವಾ ಬಟನ್ ಆಗಿದ್ದರೆ ಹಿಂದಿರುಗಿ. ಇವೆಲ್ಲ ದಾಟಿದರೆ ಬ್ರೌಸರಿನ ಸ್ವಂತ ಕೆಲಸವನ್ನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಕರೆಯಿರಿ. ರಿಪೀಟ್ (ಕೀ ಒತ್ತಿ ಹಿಡಿದಿರುವ ಗುರುತು) ನಿಜವಿದ್ದರೆ ಅಲ್ಲಿಗೇ ನಿಲ್ಲಿಸಿ, ಇಲ್ಲವಾದರೆ ಮುಂದಿನ ಫೀಲ್ಡ್‌ಗೆ ಫೋಕಸ್ ಕೊಟ್ಟು ಅದರಲ್ಲಿರುವ ಬರಹವನ್ನು ಸೆಲೆಕ್ಟ್ ಮಾಡಿ.

ಪ್ರತಿಯೊಂದಕ್ಕೂ ಕಾರಣವಿದೆ. ರಿಪೀಟ್ ನೋಡದಿದ್ದರೆ ಬೆರಳು ಸ್ವಲ್ಪ ಹೊತ್ತು ನಿಂತರೂ ಕರ್ಸರ್ ಐದಾರು ಫೀಲ್ಡ್ ಹಾರಿ ಹೋಗುತ್ತದೆ. ಆ ಪರೀಕ್ಷೆಯನ್ನು ಪ್ರಿವೆಂಟ್‌ಡಿಫಾಲ್ಟ್‌ಗಿಂತ ಮೊದಲೇ ಇಟ್ಟರೆ ಇನ್ನೂ ಕೆಟ್ಟದ್ದು: ಒತ್ತಿ ಹಿಡಿದ ಎಂಟರ್‌ನ ಎರಡನೇ ಕೀಡೌನ್ ಬ್ರೌಸರ್ ಕೈಗೆ ಹೋಗಿ ಫಾರ್ಮ್ ರವಾನೆಯಾಗುತ್ತದೆ. ಪ್ರಿವೆಂಟ್‌ಡಿಫಾಲ್ಟ್ ಇಲ್ಲದೆ ಫೋಕಸ್ಸನ್ನು ಬಟನ್ ಮೇಲೆ ಸರಿಸಿದರೆ ಅದೇ ಒತ್ತುವಿಕೆಯ ಉಳಿದ ಭಾಗ ಬಟನ್ ಮೇಲೆ ಬಿದ್ದು ಅದು ಕ್ಲಿಕ್ ಆಗುತ್ತದೆ. ಇದೇ ಕೆಲಸವನ್ನು ಕೀಅಪ್‌ನಲ್ಲಿ ಬರೆಯಬಾರದು. ಫೋಕಸ್ ಕೀಡೌನ್‌ನಲ್ಲಿ ಸರಿದಿದ್ದರೆ ಕೀಅಪ್ ಬರುವುದು ಹೊಸ ಫೀಲ್ಡ್‌ನಲ್ಲಿ. ಎರಡೂ ಕಡೆ ಹ್ಯಾಂಡ್ಲರ್ ಇದ್ದರೆ ಒಂದು ಒತ್ತಿಗೆ ಎರಡು ಹೆಜ್ಜೆ. ಅಲರ್ಟ್ ಪೆಟ್ಟಿಗೆಯನ್ನು ಎಂಟರ್‌ನಿಂದ ಮುಚ್ಚಿದಾಗಲೂ ಬೆರಳು ಎತ್ತಿದ ಕೀಅಪ್ ಕೆಳಗಿನ ಫೀಲ್ಡ್‌ಗೆ ತಲುಪಬಹುದು.

ಮುಂದಿನ ಫೀಲ್ಡ್ ಹುಡುಕಲು ಫಾರ್ಮಿನ ಎಲಿಮೆಂಟ್ಸ್ ಪಟ್ಟಿ ಬಳಸಿ, ಆದರೆ ಜರಡಿ ಹಿಡಿದು. ಅದರಲ್ಲಿ ಫೀಲ್ಡ್‌ಸೆಟ್ ಕೂಡ ಸೇರಿರುತ್ತದೆ, ಹಿಡನ್ ಇನ್‌ಪುಟ್‌ಗಳೂ ಇರುತ್ತವೆ. ಡಿಸೇಬಲ್ ಆದವು, ತೆರೆಯ ಮೇಲೆ ಕಾಣದವು, ಟ್ಯಾಬ್‌ಇಂಡೆಕ್ಸ್ ಸೊನ್ನೆಗಿಂತ ಕಡಿಮೆ ಇರುವವು, ಎಲ್ಲ ತೆಗೆಯಿರಿ. ಕೊನೆಯ ಫೀಲ್ಡ್‌ನಲ್ಲಿ ಎಂಟರ್ ಬಂದರೆ ರಿಕ್ವೆಸ್ಟ್‌ಸಬ್‌ಮಿಟ್ ಕರೆಯಿರಿ. ಬರೀ ಸಬ್‌ಮಿಟ್ ಮೆಥಡ್ ಕರೆದರೆ ರಿಕ್ವೈರ್ಡ್, ಪ್ಯಾಟರ್ನ್ ಮುಂತಾದ ತಪಾಸಣೆಯೂ ನಡೆಯುವುದಿಲ್ಲ, ಸಬ್‌ಮಿಟ್ ಇವೆಂಟೂ ಬರುವುದಿಲ್ಲ.

ನೆಟ್‌ವರ್ಕ್ ನಿಧಾನವಿದ್ದಾಗ ಎಂಟರ್ ಎರಡು ಸಲ ಒತ್ತಿ ಒಂದೇ ಚೀಟಿ ಎರಡು ಎಂಟ್ರಿಯಾಗುವುದನ್ನು ತಡೆಯಲು ಸಬ್‌ಮಿಟ್ ಇವೆಂಟ್‌ನಲ್ಲೇ ಬಟನ್ ಡಿಸೇಬಲ್ ಮಾಡಿ. ಡೀಫಾಲ್ಟ್ ಬಟನ್ ಡಿಸೇಬಲ್ ಇದ್ದರೆ ಬ್ರೌಸರ್ ತಾನಾಗಿ ಎಂಟರ್‌ನಿಂದ ಕಳಿಸುವುದನ್ನೂ ನಿಲ್ಲಿಸುತ್ತದೆ. ನಮ್ಮ ಹ್ಯಾಂಡ್ಲರ್ ರಿಕ್ವೆಸ್ಟ್‌ಸಬ್‌ಮಿಟ್ ಕರೆಯುವ ಮುಂಚೆ ಅದೇ ಬಟನ್‌ನ ಸ್ಥಿತಿ ನೋಡಬೇಕು. ಹಿಂದಿನ ಪುಟಕ್ಕೆ ಮರಳಿದಾಗ ಬಟನ್ ಡಿಸೇಬಲ್ ಆಗಿಯೇ ಉಳಿದಿರಬಹುದು, ಪೇಜ್‌ಶೋ ಇವೆಂಟ್‌ನಲ್ಲಿ ಮತ್ತೆ ಬಿಡಿಸಿ. ಸರ್ವರ್ ಕಡೆಯಲ್ಲಿ ಚೀಟಿ ಸಂಖ್ಯೆ ಎರಡನೇ ಸಲ ಬಂದರೆ ತಿರಸ್ಕರಿಸುವ ವ್ಯವಸ್ಥೆ ಇದರ ಜತೆಗೇ ಇರಬೇಕು.

ಬೀಜದ ಅಂಗಡಿಗಳ ಬಾರ್‌ಕೋಡ್ ಸ್ಕ್ಯಾನರ್‌ಗೂ ಈ ಹ್ಯಾಂಡ್ಲರ್ ಸಾಕಾಗುತ್ತದೆ. ಸಾಮಾನ್ಯ ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡ್ ಆಗಿಯೇ ಕಾಣುತ್ತದೆ, ಅಕ್ಷರಗಳನ್ನು ಸರಸರನೆ ಕಳಿಸಿ ಕೊನೆಗೆ ಎಂಟರ್ ಒತ್ತುತ್ತದೆ. ಎಚ್ಚರ ಬೇಕಾದ್ದು ಒಂದೇ: ಕಂಪ್ಯೂಟರ್ ಕನ್ನಡ ಲೇಔಟ್‌ನಲ್ಲಿದ್ದರೆ ಬಾರ್‌ಕೋಡಿನ ಇಂಗ್ಲಿಷ್ ಅಕ್ಷರಗಳು ಕನ್ನಡವಾಗಿ ಬೀಳುತ್ತವೆ. ಆ ಫೀಲ್ಡ್‌ನಲ್ಲಿ ಕನ್ನಡ ಅಕ್ಷರ ಕಂಡರೆ ‘ಕೀಬೋರ್ಡ್ ಇಂಗ್ಲಿಷ್‌ಗೆ ಬದಲಿಸಿ’ ಎಂದು ತಿಳಿಸಿ.

ಕನ್ನಡ ಟೈಪಿಂಗ್ ಮತ್ತು 229

ಇನ್‌ಸ್ಕ್ರಿಪ್ಟ್ ಸರಳ. ಒಂದು ಕೀ, ಒಂದು ಅಕ್ಷರ. ನುಡಿಯಂಥ ತಂತ್ರಾಂಶ ಒತ್ತಿದ ಕೀಯನ್ನು ನಡುವೆಯೇ ಹಿಡಿದು ಅದರ ಬದಲು ಯೂನಿಕೋಡ್ ಅಕ್ಷರ ಕಳಿಸುತ್ತದೆ. ಕೀಡೌನ್‌ನಲ್ಲಿ ಕಂಡದ್ದಕ್ಕೂ ಫೀಲ್ಡ್‌ನಲ್ಲಿ ಬಿದ್ದದ್ದಕ್ಕೂ ತಾಳೆಯಾಗಬೇಕೆಂದಿಲ್ಲ. ವಿಂಡೋಸ್‌ನ ಕನ್ನಡ ಫೋನೆಟಿಕ್ ಕೀಬೋರ್ಡ್ ಇಂಗ್ಲಿಷ್ ಅಕ್ಷರಗಳನ್ನು ಪಡೆದು ಪದಗಳ ಪಟ್ಟಿ ತೋರಿಸುತ್ತದೆ, ಪದ ಆರಿಸುವ ತನಕ ಬರಹ ‘ಕಂಪೋಸಿಷನ್’ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಒತ್ತಿದ ಎಂಟರ್ ಪದ ಒಪ್ಪಿಕೊಳ್ಳುವ ಎಂಟರ್, ಮುಂದಿನ ಫೀಲ್ಡ್‌ಗೆ ಹೋಗುವ ಎಂಟರ್ ಅಲ್ಲ. ಈಸ್‌ಕಂಪೋಸಿಂಗ್ ನೋಡಬೇಕು ಎಂದದ್ದು ಇದಕ್ಕೆ. ಸಫಾರಿಯಲ್ಲಿ ಕಂಪೋಸಿಷನ್ ಮುಗಿದ ಇವೆಂಟ್ ಮೊದಲು ಬಂದು ಕೀಡೌನ್ ಆಮೇಲೆ ಬರುವುದರಿಂದ ಈಸ್‌ಕಂಪೋಸಿಂಗ್ ಸುಳ್ಳು ಎಂದಿರುತ್ತದೆ. ಅಲ್ಲಿ ಕೀಕೋಡ್ 229 ಒಂದೇ ಗುರುತು. ಕೀಕೋಡ್ ಹಳೆಯದಾಗಿ ಕೈಬಿಟ್ಟದ್ದು ನಿಜ, ಈ ಒಂದು ಉಪಯೋಗಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಆಂಡ್ರಾಯ್ಡ್ ಫೋನಿನಲ್ಲಿ ಜಿಬೋರ್ಡ್ ಇಂಗ್ಲಿಷ್ ಟೈಪ್ ಮಾಡುವಾಗಲೂ ಕೀಡೌನ್‌ನಲ್ಲಿ 229 ಮತ್ತು ‘ಅನ್‌ಐಡೆಂಟಿಫೈಡ್’ ಕಳಿಸುವುದು ಸಾಮಾನ್ಯ. ಯಾವ ಅಕ್ಷರ ಎಂದು ತಿಳಿಯುವ ದಾರಿಯೇ ಇಲ್ಲ. ಕೀಡೌನ್‌ನಲ್ಲಿ ‘ಅಂಕಿ ಅಲ್ಲದ್ದು ತಡೆ’ ಎಂದು ಬರೆದ ಫಿಲ್ಟರ್ ಡೆಸ್ಕ್‌ಟಾಪ್‌ನಲ್ಲಿ ಬಿಗಿಯಾಗಿದ್ದು ಫೋನಿನಲ್ಲಿ ಬಾಗಿಲು ತೆರೆದಿಟ್ಟಂತೆ. ಡೆಸ್ಕ್‌ಟಾಪ್‌ನಲ್ಲೂ ಅದು ಪೇಸ್ಟ್, ಎಳೆದು ಹಾಕಿದ ಬರಹ, ಧ್ವನಿ ಟೈಪಿಂಗ್, ಆಟೋಫಿಲ್ ಯಾವುದನ್ನೂ ಹಿಡಿಯುವುದಿಲ್ಲ. ಬದಲಿಗೆ ಬ್ಯಾಕ್‌ಸ್ಪೇಸ್, ಟ್ಯಾಬ್, ಕಂಟ್ರೋಲ್+ಸಿ ಯನ್ನು ತಡೆದು ಕೂರುತ್ತದೆ. ಕ್ರೋಮ್‌ನಲ್ಲಿ ಆಟೋಫಿಲ್ ಆದಾಗ ‘ಕೀ’ಯೇ ಇಲ್ಲದ ಕೀಡೌನ್ ಬರುವುದುಂಟು. ಅದರ ಮೇಲೆ ನೇರವಾಗಿ ಟುಲೋವರ್‌ಕೇಸ್ ಕರೆದರೆ ಸ್ಕ್ರಿಪ್ಟ್ ಅಲ್ಲೇ ಮುರಿಯುತ್ತದೆ. ‘ಕೀ’ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಬಿಫೋರ್‌ಇನ್‌ಪುಟ್ ಇವುಗಳಲ್ಲಿ ಹೆಚ್ಚು ಪ್ರಾಮಾಣಿಕ. ಇನ್‌ಪುಟ್‌ಟೈಪ್ ಎಂಬ ಗುಣದಲ್ಲಿ ಟೈಪ್ ಮಾಡಿದ್ದೋ, ಪೇಸ್ಟ್ ಮಾಡಿದ್ದೋ, ಅಳಿಸಿದ್ದೋ ಎಂದು ಹೇಳುತ್ತದೆ, ತಡೆಯಲೂ ಬರುತ್ತದೆ. ಆದರೆ ಕಂಪೋಸಿಷನ್ ನಡೆಯುವಾಗ ತಡೆಯಲಾಗದು. ಹಾಗಾಗಿ ಕಡೆಯ ತೀರ್ಮಾನ ಇನ್‌ಪುಟ್ ಅಥವಾ ಬ್ಲರ್‌ನಲ್ಲೇ (ಫೀಲ್ಡ್ ಬಿಟ್ಟಾಗ ಬರುವ ಇವೆಂಟ್) ಆಗಬೇಕು.

ಹೆಸರು, ಪಹಣಿ, ಅಂಕಿ

ಹೆಸರಿಗೆ ಇಂಗ್ಲಿಷ್ ಎ ಇಂದ ಝೆಡ್ ಎಂಬ ಫಿಲ್ಟರ್ ಹಾಕಿದರೆ ಕನ್ನಡ ಹೆಸರು ಒಂದೂ ಒಳಗೆ ಬರುವುದಿಲ್ಲ. ಅದನ್ನು ತಿದ್ದಲು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ (ಬರಹದ ಮಾದರಿ ಪರೀಕ್ಷಿಸುವ ಸೂತ್ರ) ಯೂನಿಕೋಡಿನ ‘ಲೆಟರ್’ ವರ್ಗ ಮಾತ್ರ ಬಳಸಿದರೂ ‘ಶರಣಪ್ಪ’ ಹೊರಗೇ. ಒತ್ತಕ್ಷರ ಕಟ್ಟುವ ಅರ್ಧಾಕ್ಷರದ ಚಿಹ್ನೆ, ಕೊಂಬು, ಗುಡಿಸು, ಏತ್ವ ಇವೆಲ್ಲ ‘ಮಾರ್ಕ್’ ವರ್ಗದವು, ಅದನ್ನೂ ಸೇರಿಸಬೇಕು. ಉರ್ದು ಮೂಲದ ಹೆಸರುಗಳಿಗೆ ಹಾಕುವ ಚುಕ್ಕಿಯೂ ಅದೇ ವರ್ಗ. ಅರ್ಧಾಕ್ಷರ ಬಿಡಿಸಿ ಬರೆಯುವಾಗ ನಡುವೆ ಬರುವ ಶೂನ್ಯ ಅಗಲದ ಜೋಡಕ ಮತ್ತು ವಿಭಜಕ ಅಕ್ಷರಗಳು ಎರಡೂ ವರ್ಗದಲ್ಲಿಲ್ಲ, ಅವನ್ನು ಹೆಸರಿಸಿ ಸೇರಿಸಬೇಕು. ಇನಿಷಿಯಲ್‌ಗೆ ಚುಕ್ಕಿ, ಸ್ಪೇಸ್ ಕೂಡ.

ಫೀಲ್ಡ್‌ನ ಉದ್ದಕ್ಕೆ ಮಿತಿ ಇಡುವ ಮ್ಯಾಕ್ಸ್‌ಲೆಂಗ್ತ್ ಅಕ್ಷರ ಎಣಿಸುವ ರೀತಿ ನಮ್ಮದಲ್ಲ. ‘ಸಿದ್ದಲಿಂಗೇಶ್ವರ’ ನಮಗೆ 6 ಅಕ್ಷರ, ಬ್ರೌಸರಿಗೆ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ 14. ಯುಟಿಎಫ್-8 ಡೇಟಾಬೇಸಿನಲ್ಲಿ ಅದು 42 ಬೈಟ್. ಇಂಗ್ಲಿಷ್ ಹೆಸರು ನೋಡಿ 20 ಎಂದು ಮಿತಿ ಇಟ್ಟರೆ ಅಡ್ಡಹೆಸರಿಗೆ ಜಾಗವೇ ಉಳಿಯುವುದಿಲ್ಲ, 100 ಇಡಿ.

‘ಬೀದರ್’ ಎಂಬ ಊರಿನ ಹೆಸರೇ ಒಂದು ಪಾಠ. ದೀರ್ಘ ಈ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆದರೆ ಉದ್ದ 5. ಗುಡಿಸು ಮತ್ತು ದೀರ್ಘ ಚಿಹ್ನೆಯನ್ನು ಬೇರೆ ಬೇರೆ ಸಂಕೇತಗಳಾಗಿ ಬರೆದರೆ 6. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಹುಡುಕಾಟದಲ್ಲಿ ಅರ್ಧ ದಾಖಲೆ ಸಿಗದಿರುವುದು ಹೀಗೆ. ಉಳಿಸುವ ಮೊದಲು, ಹುಡುಕುವ ಮೊದಲು ನಾರ್ಮಲೈಸ್ ಮೆಥಡ್‌ಗೆ ಎನ್‌ಎಫ್‌ಸಿ (ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ಕ್ರಮ) ಕೊಟ್ಟು ಕರೆಯಿರಿ. ಟೈಪ್ ಮಾಡುತ್ತಿರುವಾಗ ಕರೆಯಬೇಡಿ, ಕರ್ಸರ್ ಕೊನೆಗೆ ಹಾರುತ್ತದೆ.

ಪಹಣಿಯ ಸರ್ವೆ ನಂಬರು ‘ನಂಬರು’ ಅಲ್ಲ. 45/*/2ಅ ಎಂಬಂತೆ ಅದರಲ್ಲಿ ಗೆರೆ, ನಕ್ಷತ್ರ, ಕನ್ನಡ ಅಕ್ಷರ ಮೂರೂ ಬರುತ್ತವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಓರೆಗೆರೆಯ ಕೀ ಒತ್ತಿದರೆ ‘ಯ’ ಬರುತ್ತದೆ, ಹಾಗಾಗಿ ಆಪರೇಟರ್ ಲೇಔಟ್ ಬದಲಿಸುತ್ತಲೇ ಇರಬೇಕಾಗುತ್ತದೆ. ಸರ್ವೆ ನಂಬರು, ಸರ್ನೋಕ್ (ನಕ್ಷತ್ರವಿರುವ ನಡುವಿನ ಭಾಗ), ಹಿಸ್ಸಾ (ಕೊನೆಯ ಭಾಗ) ಎಂದು ಮೂರು ಫೀಲ್ಡ್ ಮಾಡಿ, ಗೆರೆಯನ್ನು ಫಾರ್ಮೇ ಹಾಕಲಿ.

ತೂಕ ಮತ್ತು ದರಕ್ಕೆ ಟೈಪ್ ನಂಬರ್ ಬಳಸಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಮೇಲಿನ ಬಾಣ ಒತ್ತಿದರೆ ಬೆಲೆ ಒಂದು ಏರುತ್ತದೆ, ಕೆಳಗಿನದಕ್ಕೆ ಇಳಿಯುತ್ತದೆ. ನಂಬರ್ ಪ್ಯಾಡಿನಲ್ಲಿ ನಮ್ ಲಾಕ್ ಆಫ್ ಆಗಿದ್ದರೆ 8 ಮತ್ತು 2 ಕೀಗಳೇ ಬಾಣಗಳು: 8 ಒತ್ತಿದ ಆಪರೇಟರ್‌ಗೆ ಅಂಕಿ ಬೀಳಲಿಲ್ಲ ಎನಿಸುತ್ತದೆ, ಅಷ್ಟರಲ್ಲಿ ಕ್ವಿಂಟಲ್ ದರ ಒಂದು ರೂಪಾಯಿ ಏರಿರುತ್ತದೆ. ಅದೇ ಫೀಲ್ಡ್ 2ಇ3 ಎಂಬುದನ್ನು ಎರಡು ಸಾವಿರ ಎಂದು ಒಪ್ಪುತ್ತದೆ, ಮ್ಯಾಕ್ಸ್‌ಲೆಂಗ್ತ್ ಗಮನಿಸುವುದಿಲ್ಲ, ತಪ್ಪು ಬರಹವಿದ್ದರೆ ವ್ಯಾಲ್ಯೂ ಖಾಲಿ ಎಂದು ಕೊಡುತ್ತದೆ. ಟೈಪ್ ಟೆಕ್ಸ್ಟ್ ಇಟ್ಟು ಇನ್‌ಪುಟ್‌ಮೋಡ್ ಡೆಸಿಮಲ್ ಕೊಡಿ. ಫೋನಿನಲ್ಲಿ ಅಂಕಿ ಕೀಬೋರ್ಡೇ ಬರುತ್ತದೆ. 1,25,000 ಎಂದು ಅಲ್ಪವಿರಾಮ ಹಾಕುವುದು ಬ್ಲರ್‌ನಲ್ಲಿ ಆಗಲಿ, ಟೈಪ್ ಮಾಡುವಾಗ ಬೇಡ.

ಅಂಕಿ ಕನ್ನಡದಲ್ಲೂ ಬರಬಹುದು. ೫೮೫೧೦೧ ಎಂದು ಬರೆದವರು ಕಲಬುರಗಿಯ ಪಿನ್ ಸರಿಯಾಗಿಯೇ ಬರೆದಿದ್ದಾರೆ. ಜಾವಾಸ್ಕ್ರಿಪ್ಟ್ ರೆಗ್ಯುಲರ್ ಎಕ್ಸ್‌ಪ್ರೆಷನ್‌ನ ‘ಡಿ’ ಗುರುತು 0 ಇಂದ 9 ಮಾತ್ರ ಒಪ್ಪುತ್ತದೆ. ಕನ್ನಡ ಸೊನ್ನೆಯ ಯೂನಿಕೋಡ್ ಸಂಖ್ಯೆ ದಶಮಾನದಲ್ಲಿ 3302, ಒಂಬತ್ತಿನದು 3311. ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ದೇವನಾಗರಿಗೆ 2406, ತೆಲುಗಿಗೆ 3174, ಉರ್ದುವಿಗೆ 1776. ಈ ನಾಲ್ಕು ಸಂಖ್ಯೆಯ ಒಂದು ಚಿಕ್ಕ ಫಂಕ್ಷನ್ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗೆ ಸಾಕು. ಬ್ಲರ್‌ನಲ್ಲಿ ಬದಲಿಸಿ, ಆಮೇಲೆ 6 ಅಂಕಿ ಇದೆಯೇ ನೋಡಿ. ಪ್ಯಾಟರ್ನ್‌ನಲ್ಲಿ 0–9 ಮಾತ್ರ ಬರೆದಿದ್ದರೂ ಬದಲಾದ ಮೇಲೆ ಅದು ಒಪ್ಪುತ್ತದೆ; ಎಂಟರ್‌ನಿಂದ ನೇರ ಕಳಿಸುವ ದಾರಿಯಲ್ಲಿ ಬ್ಲರ್ ಬರದೇ ಇರಬಹುದು, ಆದ್ದರಿಂದ ರಿಕ್ವೆಸ್ಟ್‌ಸಬ್‌ಮಿಟ್‌ಗೆ ಮುಂಚೆಯೂ ಅದೇ ಫಂಕ್ಷನ್ ಕರೆಯಿರಿ.

ಮೊಬೈಲ್ ನಂಬರಿಗೆ ಮ್ಯಾಕ್ಸ್‌ಲೆಂಗ್ತ್ 10 ಇಟ್ಟರೆ, +91 ಮತ್ತು ಸ್ಪೇಸ್ ಸಮೇತ ಪೇಸ್ಟ್ ಮಾಡಿದಾಗ ಬಾಲದ ಅಂಕಿಗಳು ಕತ್ತರಿಸಿ ಹೋಗುತ್ತವೆ, ಇನ್‌ಪುಟ್ ಇವೆಂಟ್‌ಗೆ ಅವು ಕಾಣುವುದೇ ಇಲ್ಲ. 16 ಇಟ್ಟು, ಬ್ಲರ್‌ನಲ್ಲಿ ಶುಚಿ ಮಾಡಿ. ಒಟಿಪಿಗೆ ಆರು ಬಾಕ್ಸ್ ಬೇಡ. ಖಾಲಿ ಬಾಕ್ಸ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದ್ದು ಆಂಡ್ರಾಯ್ಡ್‌ನಲ್ಲಿ ತಿಳಿಯುತ್ತದೆಂಬ ಭರವಸೆ ಇಲ್ಲ. ಒಂದೇ ಫೀಲ್ಡ್, ಆಟೋಕಂಪ್ಲೀಟ್‌ನಲ್ಲಿ ಒನ್-ಟೈಮ್-ಕೋಡ್. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡು 11 ಅಕ್ಷರ, ಐದನೆಯದು ಸೊನ್ನೆ. ಸಿಎಸ್‌ಎಸ್‌ನಿಂದ ದೊಡ್ಡಕ್ಷರ ಮಾಡಿದ್ದು ಕಣ್ಣಿಗೆ ಮಾತ್ರ, ಕಳಿಸುವಾಗ ವ್ಯಾಲ್ಯೂ ಬದಲಿಸಲೇಬೇಕು. ಕೆಎ 32, ಕೆಎ 33, ಕೆಎ 38ರ ಗಾಡಿ ನಂಬರಿಗೂ ಹಾಗೆಯೇ.

ಊರಿನ ಪಟ್ಟಿ

ಟೈಪ್ ಮಾಡಿದಂತೆ ಊರು ತೋರಿಸುವ ಪಟ್ಟಿಯಲ್ಲಿ ಕೀಡೌನ್ ಕೆಲಸ ಐದೇ ಕೀಗಳದು. ಮೇಲಿನ, ಕೆಳಗಿನ ಬಾಣಕ್ಕೆ ಪ್ರಿವೆಂಟ್‌ಡಿಫಾಲ್ಟ್ ಮಾಡಿ ಆಯ್ಕೆ ಸರಿಸಿ, ಇಲ್ಲವಾದರೆ ಕರ್ಸರ್ ಫೀಲ್ಡ್‌ನ ತುದಿಗೆ ಓಡುತ್ತದೆ. ಪಟ್ಟಿ ತೆರೆದಿದ್ದರೆ ಎಂಟರ್ ಆಯ್ಕೆಯನ್ನು ಒಪ್ಪಬೇಕು, ಆ ಎಂಟರ್ ಫಾರ್ಮಿನ ಹ್ಯಾಂಡ್ಲರ್‌ಗೆ ತಲುಪಬಾರದು; ಪ್ರಿವೆಂಟ್‌ಡಿಫಾಲ್ಟ್ ಜತೆಗೆ ಸ್ಟಾಪ್‌ಪ್ರೊಪಗೇಷನ್ (ಇವೆಂಟ್ ಮೇಲಕ್ಕೆ ಹತ್ತದಂತೆ ತಡೆಯುವುದು) ಇಲ್ಲಿ ಸರಿಯಾದ ಉಪಾಯ. ಎಸ್ಕೇಪ್ ಪಟ್ಟಿ ಮುಚ್ಚಲಿ, ಟ್ಯಾಬ್ ತನ್ನ ದಾರಿಯಲ್ಲಿ ಹೋಗಲಿ, ಅದನ್ನು ಎಂದೂ ತಡೆಯಬೇಡಿ. ಹುಡುಕಾಟವನ್ನು ಇನ್‌ಪುಟ್‌ನಲ್ಲಿ 300 ಮಿಲಿಸೆಕೆಂಡ್ ತಡೆದು ಕಳಿಸಿ, ಹೊಸದು ಹೊರಟಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ನಿಲ್ಲಿಸಿ. ಕಲಬುರಗಿ ಎಂಬ ಅಧಿಕೃತ ಹೆಸರು 2014ರ ನವೆಂಬರ್ 1ರಿಂದ ಬಂದರೂ ಗುಲ್ಬರ್ಗಾ ಎಂದು ಟೈಪ್ ಮಾಡುವವರು ಇಂದಿಗೂ ಇದ್ದಾರೆ. ಸುರಪುರಕ್ಕೆ ಶೋರಾಪುರ ಎಂದೂ ಬರೆಯುತ್ತಾರೆ. ಪ್ರತಿ ಊರಿಗೂ ಬೇರೆ ಹೆಸರುಗಳ ಕಾಲಂ ಇರಲಿ.

ಪರೀಕ್ಷಿಸುವ ಬಗೆ

ಒಂದು ಖಾಲಿ ಪುಟದಲ್ಲಿ ಒಂದು ಫೀಲ್ಡ್ ಇಟ್ಟು, ಕೀಡೌನ್, ಬಿಫೋರ್‌ಇನ್‌ಪುಟ್, ಇನ್‌ಪುಟ್, ಕೀಅಪ್, ಮೂರು ಕಂಪೋಸಿಷನ್ ಇವೆಂಟ್‌ಗಳು, ಏಳಕ್ಕೂ ಒಂದೇ ಫಂಕ್ಷನ್ ಕಟ್ಟಿ. ಅದು ಇವೆಂಟ್ ಹೆಸರು, ಕೀ, ಕೋಡ್, ಕೀಕೋಡ್, ಈಸ್‌ಕಂಪೋಸಿಂಗ್, ಇನ್‌ಪುಟ್‌ಟೈಪ್, ವ್ಯಾಲ್ಯೂ ಇಷ್ಟನ್ನು ಪುಟದ ಮೇಲೆಯೇ ಸಾಲಾಗಿ ಬರೆಯಲಿ. ಫೋನಿನಲ್ಲಿ ಕನ್ಸೋಲ್ ತೆರೆಯುವ ಕಷ್ಟ ತಪ್ಪುತ್ತದೆ. ಇನ್‌ಸ್ಕ್ರಿಪ್ಟ್, ಫೋನೆಟಿಕ್, ನುಡಿ, ಜಿಬೋರ್ಡ್ ನಾಲ್ಕರಲ್ಲೂ ‘ಬೀದರ್’ ಎಂದು ಬರೆದು ಎಂಟರ್ ಒತ್ತಿ ನೋಡಿ. ಆಮೇಲೆ ಮೌಸ್ ತೆಗೆದಿಟ್ಟು, ನಮ್ ಲಾಕ್ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ಆವಕದ ಒಂದು ಪೂರ್ತಿ ಎಂಟ್ರಿ ಹೊಡೆಯಿರಿ. ಎಂಟರ್ ಒತ್ತಿ ಹಿಡಿದು ಒಂದು ಸಲ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗವನ್ನು 3ಜಿಗೆ ಇಳಿಸಿ ಎಂಟರ್ ಎರಡು ಸಲ ಒತ್ತಿ ಇನ್ನೊಂದು ಸಲ.